ದರ್ಜಿ ಚಾಚಾ, ಅವ್ವನ ಅಂಬಲಿ

ಹೋದ ವಾರ ಅಂಗಿಯ ಗುಂಡಿಯೊಂದು ಕಿತ್ತು ಬಂತು. ಸೊಸೆಗೆ ಹೇಳಿದ್ದರೆ ಹಚ್ಚಿಕೊಡುತ್ತಿದ್ದಳು. ಆದರೆ ದವಾಖಾನೆಗೆ ತಿರುಗಾಡುವ ಈ ದಿನಗಳಲ್ಲಿ ಎಲ್ಲವನ್ನೂ ಮನೆಯವರ ಕೈಯಿಂದಲೇ ಮಾಡಿಸಿಕೊಂಡು ನನಗೇ ಬೇಸರ ಬಂದಿತ್ತು. ಕಿಟಕಿಯ ಬೆಳಕಿಗೆ ಕುಳಿತು ಸೂಜಿ ಹಿಡಿದೆ. ದಾರದ ತುದಿ ಸೀಳಿತ್ತು. ರೂಢಿಯಂತೆ ಅದನ್ನು ತುಟಿಗೆ ಒಯ್ದೆ... ತುಟಿಯಲ್ಲಾಗಲಿ ನಾಲಿಗೆಯಲ್ಲಾಗಲಿ ಒಂದು ಹನಿ ಉಗುಳಿಲ್ಲ. ದಾರ ಹೇಗೆ ಒಣಗಿ ಒಳಗೆ ಹೋಗಿತ್ತೋ ಹಾಗೆಯೇ ಹೊರಗೆ ಬಂತು.

ನನಗೆ ಗಂಟಲಿನ ಪಕ್ಕ ಒಂದು ಗಡ್ಡೆ ಎದ್ದಿತ್ತು. ಅದಕ್ಕೆ ಹೈದರಾಬಾದಿನಲ್ಲಿ ಕರೆಂಟು, ಅಂದರೆ ವಿಕಿರಣ, ಕೊಟ್ಟರು. ಗಡ್ಡೆ ಕರಗಿದೆ ಎಂದು ಡಾಕ್ಟರು ಹೇಳುತ್ತಾರೆ, ನಂಬಿದ್ದೇನೆ. ಬಾಯಿ ಮಾತ್ರ ಒಳಗೆಲ್ಲ ಬೆಂದು ಹುಣ್ಣಾಗಿದೆ. ಇದು ಕರೆಂಟಿನ ಬಾಧೆ, ರೋಗದ್ದಲ್ಲ, ಕೆಲವು ವಾರಗಳಲ್ಲಿ ಮಾಯುತ್ತದೆ ಎಂದು ನರ್ಸಮ್ಮ ಸಮಾಧಾನ ಮಾಡಿ ಕಳಿಸಿದ್ದಾಳೆ. ಅಷ್ಟರವರೆಗೆ ಖಾರವಿಲ್ಲ, ಹುಳಿಯಿಲ್ಲ, ಬಿಸಿಯಿಲ್ಲ. ಬೀದರ್ ಸೀಮೆಯಲ್ಲಿ ಹುಟ್ಟಿ ಬೆಳೆದವನಿಗೆ ಉಳಿಯುವುದಾದರೂ ಏನು?

ಒಣ ದಾರವನ್ನು ಕೈಯಲ್ಲಿ ಹಿಡಿದು ನೋಡುತ್ತ ನೋಡುತ್ತ ನನಗೆ ಒಮ್ಮೆಲೇ ನಗು ಬಂತು. ನಕ್ಕಿದ್ದಕ್ಕೆ ತುಟಿ ಸೀಳಿ ರಕ್ತ ಬಂತು. "ಯಾಕ್ರಿ ಮಾಮಾ, ಒಬ್ರೇ ನಗ್ಲತ್ತೀರಿ?" ಎಂದು ಸೊಸೆ ಒಳಗಿನಿಂದ ಓಡಿ ಬಂದಳು. ಏನೆಂದು ಹೇಳಲಿ? ಭಾಲ್ಕಿಯ ದರ್ಜಿ ಚಾಚಾ ಅರವತ್ತು ವರ್ಷಗಳಾಚೆಯಿಂದ ಎದ್ದು ಬಂದು ನನ್ನ ಎದುರಿಗೆ ಕುಳಿತಿದ್ದರು. "ಕ್ಯಾ ಮೆಟ್ರಿಕ್ ಸಾಬ್, ಈಗ ತಿಳೀತಾ?" ಎನ್ನುತ್ತಿದ್ದರು.

ಭಾಲ್ಕಿಯಲ್ಲಿ ಅವರ ಮನೆ ನಮ್ಮ ಮನೆಯ ಎದುರಿಗೇ ಇತ್ತು. ಮನೆಯ ಮುಂದಿನ ಕಟ್ಟೆಯೇ ಅಂಗಡಿ. ಒಂದು ಹೊಲಿಗೆಯ ಮಿಷಿನ್ನು, ಒಂದು ಚಾಪೆ, ಮೇಲೆ ತಗಡು. ಎಡಗೆನ್ನೆಯಲ್ಲಿ ಯಾವಾಗಲೂ ತಂಬಾಕು ಹಾಕಿದ ಪಾನ್ ಇರುತ್ತಿತ್ತು. ಬಾಯಿಯ ಉಳಿದರ್ಧದಿಂದ ಅವರು ಮಾತಾಡುತ್ತಿದ್ದರು, ದಾರ ಕಚ್ಚುತ್ತಿದ್ದರು, ದಾರದ ತುದಿಯನ್ನು ಒದ್ದೆ ಮಾಡಿ ಸೂಜಿಗೆ ಪೋಣಿಸುತ್ತಿದ್ದರು. ಕೈಗಿಂತ ಬಾಯಿಗೇ ಹೆಚ್ಚು ಕೆಲಸ. ಅಳತೆ ಕೊಡಲು ಬಂದವನ ಹೊಟ್ಟೆಗೆ ಟೇಪು ಸುತ್ತಿ, "ಸಾವಕಾರ್ರೇ, ಇದು ಅಂಗಿ ಅಳತಿ ಅಲ್ರಿ, ಡೇರೆದ್ದು" ಎಂದು ಓಣಿಗೆಲ್ಲ ಕೇಳುವಂತೆ ಹೇಳುವರು. ಹಾಗೆ ಅನ್ನಿಸಿಕೊಂಡವನೇ ನಗುತ್ತ ಮರುದಿನ ಇನ್ನೊಂದು ಬಟ್ಟೆ ತರುತ್ತಿದ್ದ.

ನಿಜಾಮರ ಕಾಲದಲ್ಲಿ ಅವರು ಕಚೇರಿಯ ದೊಡ್ಡವರಿಗೆ ಶೇರವಾನಿ ಹೊಲಿಯುತ್ತಿದ್ದರು. ಪೊಲೀಸ್ ಆಕ್ಷನ್ ಆದ ಮೇಲೆ ಭಾಲ್ಕಿಯಲ್ಲಿ ಶೇರವಾನಿಯನ್ನು ಕೇಳುವವರೇ ಇಲ್ಲವಾದರು. ಅದೇ ದೊಡ್ಡವರು ಒಬ್ಬೊಬ್ಬರಾಗಿ, ಸಂಜೆ ಓಣಿಯಲ್ಲಿ ಜನ ಕಡಿಮೆಯಾದ ಹೊತ್ತು ನೋಡಿ, ಬಿಳಿ ಗಾಂಧಿ ಟೋಪಿ ಹೊಲಿಸಿಕೊಳ್ಳಲು ಬಂದರು. ಚಾಚಾ ಅವರ ತಲೆಗೆ ಟೇಪು ಹಿಡಿಯುತ್ತಲೇ ಇರಲಿಲ್ಲ. "ತಲಿ ಅದೇ ಅದಲ್ರಿ, ಹಳೀ ಅಳತಿ ನಡೀತದ" ಎನ್ನುತ್ತಿದ್ದರು.

ನಗುವಿನ ಮನುಷ್ಯ ಎಂದು ಬರೆಯುತ್ತಿದ್ದೇನೆ. ಆದರೆ ಆ ದಿನಗಳು ನಗುವಿನವಾಗಿರಲಿಲ್ಲ. ರಜಾಕಾರರ ಹಾವಳಿಯಲ್ಲಿ ಒಂದು ದಿನ ಓಣಿಗೆ ಗುಂಪು ಬಂದಾಗ, ಚಾಚಾ ತಮ್ಮ ಮಿಷಿನ್ನನ್ನು ಎತ್ತಿ ತಂದು ನಮ್ಮ ಬಾಗಿಲಿಗೆ ಅಡ್ಡ ಇಟ್ಟುಕೊಂಡು ಹೊಲಿಯುತ್ತ ಕುಳಿತರು. ಒಳಗೆ ನಾವು ಉಸಿರು ಬಿಗಿಹಿಡಿದು ಆ ಚಕ್ರದ ಸಪ್ಪಳ ಕೇಳುತ್ತಿದ್ದೆವು. ಮುಂದೆ ಪೊಲೀಸ್ ಆಕ್ಷನ್ ಆಗಿ ಗಾಳಿ ತಿರುಗಿದಾಗ, ನಮ್ಮಪ್ಪ ಹೊರಸನ್ನು ಒಯ್ದು ಅವರ ಬಾಗಿಲಿಗೆ ಅಡ್ಡ ಹಾಕಿ ಮಲಗತೊಡಗಿದ. ಇಬ್ಬರೂ ಮುಂದೆ ಆ ಮಾತು ಎತ್ತಲಿಲ್ಲ. ಚಾಚಾ ಮಾತ್ರ ಒಮ್ಮೆ, "ನಿಮ್ಮಪ್ಪ ಏನ್ ಮಾಡ್ಲಿಲ್ಲ ಬೇಟಾ, ಅವನ ಗೊರಕಿ ಕೇಳೇ ಎಲ್ಲಾರೂ ಓಡಿಹೋದ್ರು" ಎಂದಿದ್ದರು.

ಆ ವರ್ಷದಿಂದ ನಮ್ಮ ಮನೆಯಲ್ಲಿ ಒಂದು ಕಟ್ಟಳೆ ಬಂತು. ನಮ್ಮ ಕಡೆ ಎಳ್ಳಮಾವಾಸ್ಯೆ ದೊಡ್ಡ ಹಬ್ಬ. ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಜೋಳದ ದಂಟಿನ ಕೊಂಪೆ ಕಟ್ಟಿ, ಪೂಜೆ ಮಾಡಿ, ಭೂತಾಯಿಗೆ ಎಡೆಯೆಂದು ಬೆಳೆಯ ನಡುವೆ ಚರಗ ಚೆಲ್ಲಿ, ಬಂದವರಿಗೆಲ್ಲ ಕಾಳು ತರಕಾರಿಯ ಭಜ್ಜಿ, ಸಜ್ಜೆರೊಟ್ಟಿ, ಅಂಬಲಿ ಬಡಿಸುತ್ತಾರೆ. ಅವತ್ತು ಕರೆದರೆ ಯಾರೂ ಒಲ್ಲೆ ಅನ್ನುವಂತಿಲ್ಲ. ಪೂಜೆಗೆ ಇಟ್ಟ ಸಣ್ಣ ಗಡಿಗೆಯ ಅಂಬಲಿಯನ್ನು ಯಾರೂ ರುಚಿ ನೋಡುವುದಿಲ್ಲ. ದೇವರಿಗೆ ತೋರಿಸಿದ ಮೇಲೆ ಅದನ್ನು ಮೊದಲ ಅತಿಥಿಗೆ ಕೊಡುವುದು. ನಮ್ಮ ಮನೆಯ ಮೊದಲ ಅತಿಥಿ ದರ್ಜಿ ಚಾಚಾ ಎಂದು ಅಪ್ಪ ಹೇಳಿಬಿಟ್ಟ. ಅಂಬಲಿ ಅವ್ವನ ಕೈಯದು. ಜೋಳದ ಹಿಟ್ಟಿಗೆ ಮಜ್ಜಿಗೆ, ಬೆಳ್ಳುಳ್ಳಿ, ಜೀರಿಗೆ ಹಾಕಿ ಅವ್ವ ಮಾಡುವ ಅಂಬಲಿಯ ಹೆಸರು ಖಟಕ ಚಿಂಚೋಳಿಯವರೆಗೂ ಹೋಗಿತ್ತು. ಚಾಚಾ ಗಟಗಟ ಕುಡಿದು, ಮೀಸೆ ಒರೆಸಿಕೊಂಡು, "ಭಾಬಿ, ಜನ್ನತ್‌ನ್ಯಾಗ ಇದು ಸಿಗಲ್ಲಂದ್ರ ನಾ ಅಲ್ಲಿಗೆ ಹೋಗಲ್ಲ" ಎನ್ನುವರು. ಅವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುವಳು.

ನಾನು ಮೆಟ್ರಿಕ್ ಪಾಸಾದ ವರ್ಷ ಚಾಚಾನ ಎಡಗೆನ್ನೆಯ ಒಳಗೆ, ಪಾನ್ ಇಟ್ಟುಕೊಳ್ಳುತ್ತಿದ್ದ ಜಾಗದಲ್ಲೇ, ಒಂದು ಹುಣ್ಣು ಆಯಿತು. ಹಕೀಮರ ಪುಡಿಗೆ ಅದು ಬಗ್ಗಲಿಲ್ಲ. "ಕಿವಿ ಆಪರೇಷನ್ ಮಾಡಿಸ್ಕೊಂಡು ಬರ್ತೇನಿ" ಎಂದು ನಮಗೆಲ್ಲ ಸುಳ್ಳು ಹೇಳಿ ಭಾಲ್ಕಿ ಸ್ಟೇಷನ್ನಿನಲ್ಲಿ ರೈಲು ಹತ್ತಿ ಹೈದರಾಬಾದಿಗೆ ಹೋದರು. ಬಹಳ ದಿನ ಬರಲಿಲ್ಲ. ಬಂದಾಗ ಒಂದು ಕಪಾಳ ಸುಟ್ಟ ಬದನೆಕಾಯಿಯಂತೆ ಕಪ್ಪಾಗಿತ್ತು, ಅಂಗಿ ಹೆಗಲಿನಿಂದ ಜೋತಿತ್ತು. ಮಾತೂ ನಿಂತುಹೋಗಿತ್ತು.

ನಮಗೆ ಮುಂದೆ ತಿಳಿದದ್ದನ್ನು ಈಗಲೇ ಹೇಳಿಬಿಡುತ್ತೇನೆ. ಅಲ್ಲಿಯ ದವಾಖಾನೆಯಲ್ಲಿ ಅವರ ಕೆನ್ನೆಗೆ ರೇಡಿಯಂ ಇಟ್ಟು ರೋಗವನ್ನು ಸುಟ್ಟಿದ್ದರು. ಅದರ ಜೊತೆಗೆ ಬಾಯಿಯೂ ಬೆಂದಿತ್ತು, ಇವತ್ತು ನನ್ನದು ಬೆಂದಿರುವಂತೆ. "ಹುಣ್ಣು ತಾನಾಗೇ ಮಾಯುತ್ತದೆ. ಅಲ್ಲಿಯವರೆಗೆ ಹೇಗಾದರೂ ಮಾಡಿ ಹೊಟ್ಟೆಗೆ ಹಾಕು, ಇಲ್ಲವಾದರೆ ರೋಗದಿಂದಲ್ಲ, ಹಸಿವಿನಿಂದ ಹೋಗುತ್ತೀ" ಎಂದು ಡಾಕ್ಟರು ಹೇಳಿ ಕಳಿಸಿದ್ದರಂತೆ. ಆದರೆ ನೀರು ಕುಡಿದರೂ ಕೆಂಡ ನುಂಗಿದಂತೆ ಆಗುವವನು ಹೊಟ್ಟೆಗೆ ಹಾಕುವುದೇನನ್ನು? ಹೆಂಡತಿ ತೀರಿಕೊಂಡು ವರ್ಷಗಳಾಗಿದ್ದವು. ಒಬ್ಬಳೇ ಮಗಳು ಔರಾದಿನಲ್ಲಿ ಗಂಡನ ಮನೆಯಲ್ಲಿದ್ದಳು. ಅವರು ಉಂಡರೋ ಬಿಟ್ಟರೋ ನೋಡುವವರಿರಲಿಲ್ಲ.

ಯಾರಿಗೂ ಹೇಳಲೂ ಇಲ್ಲ. ಅದಕ್ಕೆ ಕಾರಣ ಅವರ ಕಸುಬು. ಬಾಯಿಯಲ್ಲಿ ದಾರ ಒದ್ದೆ ಮಾಡುವ, ಹಲ್ಲಿನಿಂದ ದಾರ ಕಡಿಯುವ ದರ್ಜಿಗೆ ಬಾಯಿಯಲ್ಲೇ ಆ ರೋಗವಿದೆ ಎಂದು ಗೊತ್ತಾದರೆ, ಅವನು ಹೊಲಿದ ಕುಪ್ಪಸವನ್ನು ಯಾರು ತೊಡುತ್ತಾರೆ? ಆ ರೋಗ ಅಂಟುವುದಿಲ್ಲ ಎಂದು ಆಗ ಭಾಲ್ಕಿಯಲ್ಲಿ ಯಾರಿಗೆ ಗೊತ್ತಿತ್ತು?

ಅವರು ಬಂದು ಸ್ವಲ್ಪ ದಿನಕ್ಕೆ ಎಳ್ಳಮಾವಾಸ್ಯೆ ಬಂತು. ಬಂಡಿಯಲ್ಲಿ ಎಂದಿನಂತೆ ಅಪ್ಪನ ಪಕ್ಕದಲ್ಲಿ ಕುಳಿತು ಹೊಲಕ್ಕೆ ಬಂದರು. ಚರಗ ಚೆಲ್ಲಿ ಬಂದ ಮೇಲೆ ಅವ್ವ ಸಣ್ಣ ಗಡಿಗೆಯಿಂದ ಬಟ್ಟಲು ತುಂಬಿ ಅವರ ಕೈಗೆ ಕೊಟ್ಟಳು. ಚಾಚಾ ಒಂದು ಗುಟುಕು ಬಾಯಿಗೆ ತೆಗೆದುಕೊಂಡರು. ಕಣ್ಣಲ್ಲಿ ನೀರು ಬಂತು. ಬಟ್ಟಲು ಹಿಡಿದುಕೊಂಡೇ ಎದ್ದು ಜೋಳದ ಬೆಳೆಯ ಹಿಂದೆ ಹೋದರು. ಹೊರಕಡೆಗೆ ಹೋದರೇನೋ ಎಂದು ಉಳಿದವರು ಸುಮ್ಮನಾದರು. ನಾನು ದಂಟು ಮುರಿಯಲು ಅದೇ ಕಡೆ ಹೋಗಿದ್ದೆ. ಬಾಯಿಯೊಳಗಿದ್ದ ಅಂಬಲಿಯನ್ನು ಅವರು ಉಗುಳಿದ್ದನ್ನು, ಬಟ್ಟಲಿನಲ್ಲಿ ಉಳಿದದ್ದನ್ನು ನೆಲಕ್ಕೆ ಸುರಿದು ಮಣ್ಣು ಎಳೆದದ್ದನ್ನು ಕಣ್ಣಾರೆ ಕಂಡೆ. ತಿರುಗಿ ಬಂದು, "ಹೊಟ್ಟಿ ತುಂಬ್ಯಾದ ಭಾಬಿ" ಎಂದು ಬಟ್ಟಲು ಮಗುಚಿ ಇಟ್ಟರು. ಭಜ್ಜಿಯನ್ನು ಮುಟ್ಟಲಿಲ್ಲ.

ಅಂಬಲಿ ಕೆಟ್ಟಿದೆಯೋ ಏನೋ ಎಂದು ನಾನು ಆ ಸಣ್ಣ ಗಡಿಗೆಯ ತಳದಲ್ಲಿ ಉಳಿದದ್ದನ್ನು ಕುಡಿದು ನೋಡಿದೆ. ಸೊಗಸಾಗಿತ್ತು. ಆಗಲೇ ನನ್ನ ತಲೆ ಕೆಟ್ಟದ್ದು.

ನನಗೆ ಇಪ್ಪತ್ತು ವರ್ಷ. ಮೆಟ್ರಿಕ್ ಪಾಸಾದವನೆಂದು ಎದೆ ಎತ್ತಿ ನಡೆಯುತ್ತಿದ್ದೆ. ನಮ್ಮ ಮನೆಯ ಅನ್ನವನ್ನು, ಅದೂ ದೇವರ ಮುಂದಿನ ಅಂಬಲಿಯನ್ನು ಉಗುಳುವುದೆಂದರೇನು? ಮರುದಿನ ಸ್ಟೇಷನ್ ಹತ್ತಿರದ ಚಹಾದಂಗಡಿಯಲ್ಲಿ ಅದನ್ನು ಹೇಳಿಬಿಟ್ಟೆ. ಒಂದು ಸಲಕ್ಕೆ ಬಿಡದೆ, ಎರಡು ಸಲ ಹೇಳಿದೆ. ಬೇರೆ ಕಾಲವಾಗಿದ್ದರೆ ಜನ ನಕ್ಕು ಮರೆಯುತ್ತಿದ್ದರೇನೋ. ಆದರೆ ಆಗ ಎಲ್ಲರ ಎದೆಯಲ್ಲೂ ಹಳೆಯ ಗಾಯದ ಮೇಲಿನ ಹೆಕ್ಕಳೆ ಹಸಿಯಾಗಿತ್ತು. "ಅವ್ರ ಮನಸ್ಸು ನಮ್ ಕಡಿ ಇಲ್ಲ ಬಿಡು" ಎಂದ ಒಬ್ಬ. "ಇಷ್ಟ್ ವರ್ಷ ಉಂಡಿದ್ದೂ ನಾಟಕೇ ಇರಬೇಕು" ಎಂದ ಇನ್ನೊಬ್ಬ. ಯಾರೂ ಚಾಚಾನ ಜೊತೆ ಜಗಳ ಮಾಡಲಿಲ್ಲ. ಬಟ್ಟೆ ತರುವುದನ್ನು ನಿಲ್ಲಿಸಿದರು, ಅಷ್ಟೇ. ಮಿಷಿನ್ನಿನ ಸಪ್ಪಳ ಓಣಿಯಲ್ಲಿ ಕೇಳದಂತಾಯಿತು. ಅವರು ಕಟ್ಟೆಯ ಮೇಲೆ ದಿನದಿಂದ ದಿನಕ್ಕೆ ಸಣ್ಣಗಾಗುತ್ತ ಕುಳಿತಿರುತ್ತಿದ್ದರು. ನಾನು ಅದನ್ನೂ ಕಂಡೆ. ನಾಚಿಕೆಯಿಂದ ಇಳಿದುಹೋಗಿದ್ದಾರೆ ಎಂದುಕೊಂಡೆ...

ಮಾತು ಸುತ್ತಿ ಬಳಸಿ ಅವ್ವನ ಕಿವಿಗೆ ಬಂತು. ಅವಳಿಗೆ ಹಿಂದೂ ಮುಸಲ್ಮಾನ ಎಂಬುದೊಂದೂ ತಲೆಗೆ ಹೋಗಲಿಲ್ಲ. ಅಂಬಲಿ ಉಗುಳಿದರು ಎಂಬುದಷ್ಟೇ ಹೋಯಿತು. ಹೊಸದಾಗಿ ಅಂಬಲಿ ಕಾಸಿ, ಗಡಿಗೆಯನ್ನು ಕಂಕುಳಲ್ಲಿಟ್ಟುಕೊಂಡು ಓಣಿ ದಾಟಿದಳು. ಏನು ಹೇಳುತ್ತಾಳೋ ಎಂದು ನಾನೂ ಹಿಂದೆ ಹೋದೆ.

"ಭಾಯಿ, ಏನ್ ಕಮ್ಮಿ ಆಗಿತ್ತು ನನ್ನ ಅಂಬಲ್ಯಾಗ? ನನ್ನ ಮಾರೀ ನೋಡಿ ಹೇಳ್ರಿ" ಎಂದಳು.

ಚಾಚಾ ತಲೆ ಅಲ್ಲಾಡಿಸಿದರು. ಏನೂ ಇಲ್ಲ ಎಂದು ಕೈ ಮಾಡಿದರು.

"ಹಂಗಾದ್ರ ಕುಡೀರಿ. ನನ್ನ ಮುಂದ ಕುಡೀರಿ. ಇಲ್ಲಾಂದ್ರ ನಾ ಈ ಕಟ್ಟಿ ಬಿಟ್ಟು ಏಳಂಗಿಲ್ಲ."

ಅವ್ವ ನಿಜವಾಗಿಯೂ ಕುಳಿತುಬಿಟ್ಟಳು. ಚಾಚಾ ನನ್ನನ್ನು ನೋಡಿದರು, ಗಡಿಗೆಯನ್ನು ನೋಡಿದರು. ಆಮೇಲೆ ಬೆಳಕಿನ ಕಡೆಗೆ ತಿರುಗಿ ಬಾಯಿ ತೆರೆದರು.

ಒಳಗೆ ಹಸಿ ಮಾಂಸದಂತೆ ಕೆಂಪು. ಅದರ ಮೇಲೆ ಅಲ್ಲಲ್ಲಿ ಮೊಸರು ಅಂಟಿದ ಹಾಗೆ ಬಿಳಿ. ನಾಲಿಗೆಯ ಅಂಚು ಸೀಳಿತ್ತು. ಅವ್ವ ಗಡಿಗೆಯನ್ನು ಕೆಳಗಿಟ್ಟಳು. ಆಮೇಲೆ ಬೈಯತೊಡಗಿದಳು.

"ಇಂಥಾದ್ದು ಮುಚ್ಚಿಟ್ಕೊಂಡು ಕುಂತೀರಿ? ನಮಗ ಹೇಳಿದ್ರ ನಿಮ್ಮ ನಾಲಿಗಿ ಬಿದ್ದು ಹೋಗ್ತಿತ್ತಾ?"

"ಬೀಳೂದೇ ಇತ್ತು ಭಾಬಿ" ಎಂದರು ಚಾಚಾ, ಒಂದೊಂದೇ ಮಾತನ್ನು ನೋವಿನಿಂದ ಎತ್ತಿಡುತ್ತ. "ಲಾಖೋ ಮಂದಿನ್ನ ಬೈಯೂದು ಬಾಕಿ ಅದ ಅಂತ ಡಾಕ್ಟರ್ ಉಳಿಸ್ಯಾನ."

ಬಹಳ ದಿನಗಳ ಮೇಲೆ ಕೇಳಿದ ಅವರ ಮೊದಲ ಹಾಸ್ಯ ಅದು. ಅವ್ವ ಅಳುತ್ತ ನಕ್ಕಳು. ಮನೆಗೆ ಬಂದು ಚಹಾದಂಗಡಿಯ ಮಾತಿನ ಮೂಲ ನಾನೇ ಎಂದು ತಿಳಿದಾಗ ಮಾತ್ರ ನಗಲಿಲ್ಲ.

"ಎಲ್ಲಿ ಉಗುಳಿ ಬಂದೀಯೋ ಅಲ್ಲೇ ಹೋಗಿ ನೆಕ್ಕಿ ಬಾ, ಮೂಳಾ" ಎಂದಳು.

ಹೋಗಿ ಹೇಳುವುದೇನನ್ನು? ನಿಜ ಹೇಳಿದರೆ ಚಾಚಾನ ಬಾಯಿಯ ರೋಗ ಊರಿಗೆಲ್ಲ ತಿಳಿಯುತ್ತದೆ. ಹೇಳದಿದ್ದರೆ ಅವರು ನಮ್ಮನ್ನು ನಂಬದವರಾಗಿಯೇ ಉಳಿಯುತ್ತಾರೆ. ಎರಡರಲ್ಲಿ ಯಾವುದೇ ಆದರೂ ಅವರ ಅಂಗಡಿ ಮುಚ್ಚುತ್ತದೆ. ಅಪ್ಪನೂ ನಾನೂ ಮುಖ ಮುಖ ನೋಡಿಕೊಂಡು ಕುಳಿತೆವು. ದಾರಿ ತೋರಿಸಿದವಳು ಅವ್ವನೇ. ರೊಟ್ಟಿ ತಟ್ಟುತ್ತ, ತಲೆ ಎತ್ತದೆ ಹೇಳಿದಳು.

"ಸಣ್ಣ ಗಡಿಗ್ಯಾಗ ಉಪ್ಪು ಎರಡ್ ಸಲ ಬಿದ್ದಿತ್ತಂತ ಹೇಳು. ಬಾಯಾಗ ಇಡ್ಲಿಕ್ಕೂ ಬರಂಗ ಇರ್ಲಿಲ್ಲ, ಪಾಪ ಅವರು ಮರ್ಯಾದಿಗೆ ಸುಮ್ಮಿದ್ರು ಅಂತ ಹೇಳು."

ಪೂಜೆಯ ಗಡಿಗೆಯಲ್ಲಿ ಕೈತಪ್ಪುವುದು ನಮ್ಮ ಕಡೆಯ ಹೆಂಗಸಿಗೆ ಸಣ್ಣ ಮಾತಲ್ಲ. ಅದೂ ಅಂಬಲಿಗೆಂದೇ ಹೆಸರಾದವಳಿಗೆ. ಅಪ್ಪ ಬೇಡ ಎಂದ. ಅವ್ವ ರೊಟ್ಟಿಯನ್ನು ಹಂಚಿಗೆ ಹಾಕಿದಳು, ಮಾತು ಮುಗಿಯಿತು.

ನಾನು ಹೋಗಿ ಹೇಳಿದೆ. ಸುಳ್ಳನ್ನು ನಿಜಕ್ಕಿಂತ ಚೆನ್ನಾಗಿ ಹೇಳಿದೆ. ಚಹಾದಂಗಡಿ ನಕ್ಕಿತು, ಆಮೇಲೆ ಭಾಲ್ಕಿ ನಕ್ಕಿತು. ನಕ್ಕವರು ತಮ್ಮ ಬಟ್ಟೆಯನ್ನು ತೆಗೆದುಕೊಂಡು ಚಾಚಾನ ಕಟ್ಟೆಗೆ ಬಂದರು. "ದೇವರಿಗೂ ಬಿಪಿ ಬಂದಿರಬೇಕು" ಎಂದು ಈಗಿನವರಾಗಿದ್ದರೆ ಅನ್ನುತ್ತಿದ್ದರು. ಆಗಿನವರು, "ಅಕ್ಕಾ, ಈ ವರ್ಷ ಉಪ್ಪು ಸಸ್ತಾ ಆಗ್ಯಾದೇನ?" ಎಂದು ಅವ್ವನನ್ನು ಬಾವಿಯ ಹತ್ತಿರ ಕಾಡಿದರು. ಖಟಕ ಚಿಂಚೋಳಿಯ ಚಿಕ್ಕಮ್ಮ ಬಂದು, ಪೂಜೆಯ ಗಡಿಗೆ ಕೆಡಿಸಿದವಳು ಎಂದು ಗದರಿಸಿ ಹೋದಳು. ಅವ್ವ, "ವಯಸ್ಸಾತು, ಕೈ ತಪ್ತದ" ಎಂದು ಅಷ್ಟೇ ಅಂದಳು. ಅವಳಿಗಿನ್ನೂ ನಲವತ್ತು ತುಂಬಿರಲಿಲ್ಲ.

ಆಮೇಲಿನ ವಾರಗಳನ್ನು ನೆನೆದರೆ ಈಗಲೂ ಹೊಟ್ಟೆ ತುಂಬಿದಂತಾಗುತ್ತದೆ. ಅವ್ವ ಚಾಚಾನಿಂದಲೇ ಒಂದು ತುಂಡು ಮಲಮಲ್ ಬಟ್ಟೆ ಇಸಿದುಕೊಂಡಳು. ಜೋಳದ ನುಣ್ಣನೆಯ ಹಿಟ್ಟನ್ನು ಹಾಲಿನಲ್ಲಿ ತೆಳ್ಳಗೆ ಕಾಸಿ, ಉಪ್ಪು ಹುಳಿ ಖಾರ ಯಾವುದನ್ನೂ ಸೋಂಕಿಸದೆ, ಆ ಮಲಮಲ್ಲಿನಲ್ಲಿ ಸೋಸಿ, ಮಣ್ಣಿನ ಗಡಿಗೆಯಲ್ಲಿ ತಣ್ಣಗೆ ಮಾಡಿ ಕಳಿಸುತ್ತಿದ್ದಳು. ಮೇಲೆ ಒಂದು ಚಮಚ ತುಪ್ಪ. ಚಾಚಾ ಅದನ್ನು ಚಮಚದಿಂದ ಬಾಯಿಯ ನೋವಿಲ್ಲದ ಕಡೆಗೆ ಜಾರಿಸಿಕೊಳ್ಳುವರು. ರುಚಿ ಎಂಬುದು ಅವರ ನಾಲಿಗೆಯಿಂದ ಎದ್ದುಹೋಗಿತ್ತು. ಆದರೂ ದಿನಾ ಒಂದು ಟೀಕೆ ಇರುತ್ತಿತ್ತು. "ಇವತ್ತಿಂದು ಗೋಡಿಗಿ ಹಚ್ಚೋ ಸುಣ್ಣದಂಗ ಅದ. ನಿನ್ನಿಂದು ಛಲೋ ಇತ್ತು, ಕಾಗದಕ್ಕ ಹಚ್ಚೋ ಅಂಟಿನಂಗ ಇತ್ತು." ಅವ್ವ ಇತ್ತ ಬಾಗಿಲಿನಿಂದಲೇ, "ತಿಂದ್ ಸುಮ್ಕಿರ್ರಿ!" ಎಂದು ಕೂಗುವಳು. ಸೋಡಾಪುಡಿಯ ನೀರಿನಿಂದ ಬಾಯಿ ಮುಕ್ಕಳಿಸಬೇಕೆಂದು ಡಾಕ್ಟರು ಹೇಳಿದ್ದರು. ಉರಿಯುತ್ತದೆಂದು ಚಾಚಾ ಅದನ್ನು ಬಿಟ್ಟುಬಿಟ್ಟಿದ್ದರು. ಅಪ್ಪ ಎದುರಿಗೆ ನಿಂತು, ತಾನೂ ಒಂದು ತಂಬಿಗೆ ಹಿಡಿದು, ಅವರ ಜೊತೆಗೇ ಮುಕ್ಕಳಿಸತೊಡಗಿದ. ಬೆಳಿಗ್ಗೆ ಓಣಿಯಲ್ಲಿ ಎರಡು ಗಂಟಲುಗಳ ಗಳಗಳ ಸಪ್ಪಳ. ಇದೇನು ಹೊಸ ವ್ರತವೆಂದು ಜನ ಕೇಳಿದರೆ, "ಹಲ್ಲಿಗೆ ಛಲೋ" ಎನ್ನುತ್ತಿದ್ದ ಅಪ್ಪ. ಇನ್ನಿಬ್ಬರು ಶುರು ಮಾಡಿದರು.

ನನಗೆ ಅವ್ವ ಹಚ್ಚಿದ ಶಿಕ್ಷೆ ಬೇರೆ. ಚಾಚಾನ ಬಾಯಿಯಲ್ಲಿ ದಾರ ಒದ್ದೆ ಮಾಡುವಷ್ಟು ಉಗುಳಿರಲಿಲ್ಲ. ಬೆಳಿಗ್ಗೆ ಅವರ ಕಟ್ಟೆಗೆ ಹೋಗಿ, ದಿನಕ್ಕೆ ಬೇಕಾಗುವ ಸೂಜಿಗಳಿಗೆಲ್ಲ ದಾರ ಪೋಣಿಸಿ ಮೆತ್ತೆಗೆ ಚುಚ್ಚಿಟ್ಟು ಬರಬೇಕು. ಮೆಟ್ರಿಕ್ ಪಾಸಾದ ನಾನು ಓಣಿಯ ಎದುರಿಗೆ ಕುಳಿತು ದಾರ ನೆಕ್ಕುತ್ತಿದ್ದೆ.

"ನೋಡ್ರಿ, ಸರ್ಕಾರ ಇವನಿಗಿ ನೌಕರಿ ಕೊಡೂಕಿಂತ ಮೊದ್ಲ ನಾ ಕೊಟ್ಟೀನಿ" ಎಂದು ಬಂದವರಿಗೆಲ್ಲ ಚಾಚಾ ತೋರಿಸುವರು.

ಒಂದು ದಿನ ಯಾರೂ ಇಲ್ಲದಾಗ ನಾನು, "ಚಾಚಾ, ಚಹಾದಂಗಡ್ಯಾಗ ಹೇಳಿದಾಂವ ನಾನೇರಿ" ಎಂದೆ. ಅವರು ಮಿಷಿನ್ನಿನ ಚಕ್ರವನ್ನು ಕೈಯಿಂದ ಹಿಡಿದು ನಿಲ್ಲಿಸಿದರು.

"ಗೊತ್ತದ ಬೇಟಾ. ಜ್ವಾಳದಾಗ ನಿನ್ನ ರುಮಾಲು ಕಂಡಿತ್ತು."

"ಮತ್ತ ಯಾಕ ಬೈಯ್ಲಿಲ್ರಿ?"

"ಬಾಯಿ ಎಲ್ಲಿತ್ತು?" ಎಂದು ಮತ್ತೆ ಚಕ್ರ ತಿರುಗಿಸಿದರು.

ಹೋಳಿಯ ಹೊತ್ತಿಗೆ ಅವರ ಬಾಯಿಯ ಕೆಂಪು ಇಳಿಯಿತು. ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ತಿಂದರು. ಕೆನ್ನೆ ತುಂಬುತ್ತ ಬಂತು, ಬೈಗುಳ ತಿರುಗಿ ಬಂತು. ಪಾನ್ ಮಾತ್ರ ಮುಟ್ಟಲಿಲ್ಲ. ಬಾಯಿ ಒಣಗಿದ್ದು ಒಣಗಿಯೇ ಉಳಿಯಿತು, ಹಾಗಾಗಿ ನನ್ನ ನೌಕರಿಯೂ ಉಳಿಯಿತು.

ಮರುವರ್ಷದ ಎಳ್ಳಮಾವಾಸ್ಯೆಗೆ ಹೊಲದಲ್ಲಿ ಎಂದಿಗಿಂತ ಹೆಚ್ಚು ಜನ ಸೇರಿದ್ದರು. ಉಪ್ಪಿನ ತಮಾಷೆ ನೋಡಲು ಬಂದವರೇ ಬಹಳ. ಅವ್ವ ಸಣ್ಣ ಗಡಿಗೆಯಿಂದ ಬಟ್ಟಲು ತುಂಬಿ ಕೊಟ್ಟಳು. ಚಾಚಾ ಒಂದೇ ಉಸಿರಿಗೆ ಕುಡಿದರು. ಮತ್ತೊಂದು ಬೇಡಿದರು. ಅದನ್ನೂ ಮುಗಿಸಿ ಎದ್ದು ನಿಂತು, "ಮಂದಿ ಎಲ್ಲಾ ಕೇಳ್ರಿ, ಹೋದ ವರ್ಷ ಈ ಗಡಿಗ್ಯಾಗ..." ಎಂದು ಶುರು ಮಾಡಿದರು. ನಿಜ ಹೇಳಿಬಿಡುತ್ತಾರೆಂದುಕೊಂಡೆ. ಅವ್ವ ಸೌಟು ಹಿಡಿದುಕೊಂಡೇ ಅವರನ್ನು ಒಮ್ಮೆ ನೋಡಿದಳು. ಚಾಚಾ ನುಂಗಿಕೊಂಡರು.

"...ಹೋದ ವರ್ಷದ್ದು ಬಿಡ್ರಿ. ಈ ವರ್ಷ ಸರಿ ಅದ" ಎಂದು ಕುಳಿತುಬಿಟ್ಟರು.

ಎಲ್ಲರೂ ಚಪ್ಪಾಳೆ ತಟ್ಟಿ ನಕ್ಕರು. ಅವ್ವನೂ ನಕ್ಕಳು. ಚಾಚಾ ಮಾತ್ರ ತಲೆ ತಗ್ಗಿಸಿ ಬಟ್ಟಲಿನ ಅಂಚು ಸವರುತ್ತಿದ್ದರು.

ಆ ವರ್ಷವೇ ಹೈದರಾಬಾದ್ ಸ್ಟೇಟು ಹರಿದು ಹಂಚಿಹೋಗಿ ನಾವು ಮೈಸೂರಿಗೆ ಸೇರಿದ್ದೆವು. "ಇಷ್ಟು ದೊಡ್ಡ ಬಟ್ಟಿ ಕತ್ತರಿಸೋವಾಗ ನನ್ನ ಒಂದು ಮಾತು ಕೇಳಬೇಕಿತ್ತು" ಎಂದು ಚಾಚಾ ಹೇಳುತ್ತಿದ್ದರು. ನನಗೆ ಬೀದರಿನಲ್ಲಿ ನೌಕರಿ ಸಿಕ್ಕಿತು. ಕೆಲವು ವರ್ಷಗಳ ಮೇಲೆ ಮಗಳು ಬಂದು ಅವರನ್ನು ಔರಾದಿಗೆ ಕರೆದುಕೊಂಡು ಹೋದಳು. ನಾನು ಒಂದು ಸಲ ಹೋಗಿ ನೋಡಿ ಬಂದೆ. ಮೊಮ್ಮಗಳು ಕುಳಿತು ಸೂಜಿಗೆ ದಾರ ಪೋಣಿಸುತ್ತಿದ್ದಳು. "ನಿನ್ನ ನೌಕರಿ ಹೋತು ಮೆಟ್ರಿಕ್ ಸಾಬ್" ಎಂದರು. ಮತ್ತೊಮ್ಮೆ ಹೋಗಬೇಕೆಂದುಕೊಂಡಿದ್ದೆ... ಸುದ್ದಿ ಬಂದಾಗ ಮಣ್ಣಾಗಿ ತಿಂಗಳಾಗಿತ್ತು.

ಅವ್ವ ಬಹಳ ವರ್ಷ ಬದುಕಿದಳು. ಉಪ್ಪು ಎರಡು ಸಲ ಹಾಕಿದವಳೆಂಬ ಹೆಸರೂ ಅವಳ ಜೊತೆಗೇ ಬದುಕಿತು. ಅವಳು ತೀರಿಕೊಂಡ ಮೇಲೆ ದಿನದ ಊಟಕ್ಕೆ ಸೇರಿದ ನೆಂಟರು ಕೂಡ, ಸಾರಿಗೆ ಉಪ್ಪು ಕಮ್ಮಿಯಾಗಿದೆ ಎಂದು ಒಬ್ಬರು ಅಂದಾಗ, "ಅಕಿನ್ನ ಕರೀಬೇಕಿತ್ತು" ಎಂದು ಕಣ್ಣೀರಲ್ಲೇ ನಕ್ಕರು. ನಾನೂ ಅಲ್ಲೇ ಕುಳಿತಿದ್ದೆ. ಆಗಲಾದರೂ ಹೇಳಬಹುದಿತ್ತು. ಚಾಚಾನ ಗುಟ್ಟು ಕಾಯಬೇಕೆಂದು ಸುಮ್ಮನಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಕಾಯಲು ಆಗ ಚಾಚಾ ಇರಲಿಲ್ಲ, ಅಂಗಡಿಯೂ ಇರಲಿಲ್ಲ. ನಾನು ಕಾಯುತ್ತಿದ್ದದ್ದು ನನ್ನನ್ನೇ.

ಸೊಸೆ ಈಗ ಬಟ್ಟಲು ತಂದಿಟ್ಟಿದ್ದಾಳೆ. ಜೋಳದ ಹಿಟ್ಟು, ಹಾಲು, ಬಟ್ಟೆಯಲ್ಲಿ ಸೋಸಿದ್ದು, ಉಪ್ಪಿಲ್ಲದ್ದು. ಹೇಗೆ ಮಾಡಬೇಕೆಂದು ನಾನೇ ಹೇಳಿಕೊಟ್ಟೆ. ರುಚಿ ತಿಳಿಯುವುದಿಲ್ಲ, ಗೋಡೆಗೆ ಹಚ್ಚುವ ಸುಣ್ಣದ ಹಾಗೆ ಇದೆ. ಅವಳಿಗೆ ಹಾಗೆಂದೇ ಹೇಳಿದೆ. "ಸುಮ್ನ ಕುಡೀರಿ" ಎಂದಳು. ಅಂಗಿಯ ಗುಂಡಿಯನ್ನೂ ಅವಳೇ ಹಚ್ಚಿದಳು, ದಾರವನ್ನು ತನ್ನ ತುಟಿಗೆ ಒತ್ತಿ.

ಚಮಚ ಎತ್ತುವ ಮೊದಲು ಒಂದು ಮಾತು ಬರೆದಿಡುತ್ತೇನೆ. ಭಾಲ್ಕಿಯಲ್ಲಿ ಆ ಕಥೆ ಹೇಳಿ ನಗುವವರು ಇನ್ನೂ ಇದ್ದರೆ ಅವರು ಕೇಳಲಿ. ಆ ಗಡಿಗೆಯ ತಳದಲ್ಲಿ ಉಳಿದದ್ದನ್ನು ಕುಡಿದವನು ನಾನೊಬ್ಬನೇ. ನಮ್ಮವ್ವನ ಅಂಬಲಿಯಲ್ಲಿ ಅವತ್ತು ಉಪ್ಪು ಸರಿಯಾಗಿತ್ತು.